ಹನ್ನೆರಡು ಹೆಸರಿನ ಪಟ್ಟಿ

ಗುಂಡಕ್ಕ ಎಂದ ಕೂಡಲೇ ದುಂಡುದುಂಡಗಿನ ಹೆಂಗಸನ್ನು ನೆನೆದುಕೊಂಡರೆ ಮೋಸಹೋದಿರಿ. ಆಕೆ ಒಣಕಡ್ಡಿ. ಜೋರು ಗಾಳಿಯ ದಿನ ಅಂಗಡಿ ಬಾಗಿಲಲ್ಲಿ ನಿಲ್ಲಬೇಡ, ಹಾರಿಹೋಗಿ ಯಾರದೋ ಮಾಳಿಗೆ ಮೇಲೆ ಸಿಗ್ತೀಯ ಎಂದು ಎದುರಿನ ಚಪ್ಪಲಿ ರಿಪೇರಿಯವನು ರೇಗಿಸುತ್ತಿದ್ದ. ಹೆಸರು ಬಂದದ್ದು ಮೈಯಿಂದಲ್ಲ, ಅಂಗಿಯ ಗುಂಡಿಯಿಂದ. ಹರೆಯದಲ್ಲಿ ಆರು ವರ್ಷ ಅಂಗಿ ಕಾರ್ಖಾನೆಯೊಂದರಲ್ಲಿ ಗುಂಡಿ ಹಾಕುವ ಮೆಷಿನ್ನಿನ ಮುಂದೆ ಕೂತವಳು ಆಕೆ. ಅಲ್ಲಿ ಯಾರಿಗೂ ಹೆತ್ತವರಿಟ್ಟ ಹೆಸರು ಉಳಿಯುತ್ತಿರಲಿಲ್ಲ. ಕಾಲರು ಹೊಲಿಯುವವಳು ಕಾಲರಕ್ಕ, ಜೇಬು ಹೊಲಿಯುವವಳು ಜೇಬಕ್ಕ, ಇಸ್ತ್ರಿ ಹಾಕುವವಳು ಇಸ್ತ್ರಿಯಮ್ಮ. ಗುಂಡಿ ತೂರಿಸುವ ತೂತಿಗೆ ಅಂಚು ಕಟ್ಟುವುದಕ್ಕೆ ಕಾಜ ಹಾಕುವುದು ಎನ್ನುತ್ತಾರಲ್ಲ, ಆ ಕೆಲಸದವಳು ಕಾಜಕ್ಕ. ಕಾಜಕ್ಕನ ಮೆಷಿನ್ನೂ ಗುಂಡಕ್ಕನ ಮೆಷಿನ್ನೂ ಒಂದರ ಪಕ್ಕ ಒಂದು. ಕಾಜವಿಲ್ಲದೆ ಗುಂಡಿ ಯಾವ ಉಪಯೋಗಕ್ಕೆ? ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು.

ಈಗ ಗುಂಡಕ್ಕನಿಗೆ ಐವತ್ತೈದು. ಸ್ವಂತಕ್ಕೊಂದು ಗೂಡಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಹರಿದ ಕೋಟಿಗೆ ಹೊಸ ಲೈನಿಂಗ್ ಕೊಡುವುದು ಅವಳ ಕಸುಬು. ಮದುವೆಯಾಗಿಲ್ಲ. ಯಾರಾದರೂ ಕೇಳಿದರೆ, ಅಳತೆ ಸರಿಹೋಗಲಿಲ್ಲ ಎಂದು ನಕ್ಕು ಸುಮ್ಮನಾಗುತ್ತಾಳೆ. ಯಾವುದೇ ಬಟ್ಟೆಯ ಹೊಲಿಗೆ ನೋಡಿ, ಇದು ಎಡಗೈಯವರದು, ಇದು ಅವಸರದವರದು, ಇದು ಮನಸ್ಸಿಲ್ಲದೆ ಹೊಲಿದದ್ದು ಎಂದು ಹೇಳಬಲ್ಲಳು. ಆ ಕಣ್ಣೇ ಕಡೆಗೆ ಅವಳನ್ನು ಈ ಕಥೆಯೊಳಗೆ ಎಳೆದದ್ದು.

ಮೂವತ್ತೊಂದು ವರ್ಷದ ಹಿಂದಿನದನ್ನು ಮೊದಲು ಹೇಳಿಬಿಡಬೇಕು. ಕಾರ್ಖಾನೆಯಲ್ಲಿ ಕೆಲಸ ಶುರುವಾದ ಕೂಡಲೇ ಹಿಂಬಾಗಿಲಿಗೆ ಬೀಗ ಹಾಕುತ್ತಿದ್ದರು. ಇನ್ನೂರು ಹೆಂಗಸರು, ಇರುವುದೊಂದೇ ಬಾಗಿಲು. ಬೇಸಗೆಯಲ್ಲಿ ಇಬ್ಬರು ಮೂವರು ಮೂರ್ಛೆ ಬಿದ್ದ ಮೇಲೆ, ಬೀಗ ತೆಗೆಸಲೇಬೇಕೆಂದು ಹನ್ನೆರಡು ಜನ ಒಂದು ಶನಿವಾರ ಮಧ್ಯಾಹ್ನ ಗುಂಡಕ್ಕನ ಮನೆಯ ಹೊರಕೋಣೆಯಲ್ಲಿ ಸೇರಿದರು. ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಎಲ್ಲ ಮೆಷಿನ್ನೂ ಒಟ್ಟಿಗೆ ನಿಲ್ಲಬೇಕು ಎಂದು ಮಾತಾಯಿತು. ಒಳಕೋಣೆಯಲ್ಲಿ ಅವಳ ಅಣ್ಣ ಜ್ವರ ಬಂದು ಮಲಗಿದ್ದ. ಅವನೂ ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರ.

ಸೋಮವಾರ ಹನ್ನೊಂದು ಗಂಟೆ ಬರಲೇ ಇಲ್ಲ. ಎಂಟು ಗಂಟೆಗೇ ಗೇಟಿನಲ್ಲಿ ಹನ್ನೆರಡೂ ಜನರನ್ನು ತಡೆದು ಒಬ್ಬೊಬ್ಬರನ್ನಾಗಿ ಮ್ಯಾನೇಜರನ ಕೋಣೆಗೆ ಕರೆದರು. ಗುಂಡಕ್ಕನ ಮುಖದೆದುರು ಅವನೊಂದು ಕಾಗದ ಹಿಡಿದು, "ಎಲ್ಲರಿಗಿಂತ ಮೊದಲು ನಿನ್ನ ಹೆಸರೇ ಇದೆ ನೋಡಮ್ಮ" ಎಂದ. ಒಂದು ಗುಂಡಿ ಹಾಕುವಷ್ಟು ಹೊತ್ತು ಅವಳು ಅದನ್ನು ನೋಡಿದಳು. ನೀಲಿ ಶಾಯಿ, ಹನ್ನೆರಡು ಹೆಸರು, ಒಂದೊಂದು ಹೆಸರಿನ ಹಿಂದೆ ಒಂದೊಂದು ಸಂಖ್ಯೆ. ಸಂಖ್ಯೆಯ ಸುತ್ತ ಒಂದು ಸುತ್ತು. ಆ ಸುತ್ತು ಪೂರ್ತಿ ಕೂಡುತ್ತಿರಲಿಲ್ಲ, ತುದಿ ಒಳಕ್ಕೆ ಮಡಚಿಕೊಂಡು ನಿಲ್ಲುತ್ತಿತ್ತು. ಹನ್ನೆರಡು ಸಲವೂ ಹಾಗೇ.

ಗೇಟಿನ ಹೊರಗೆ ಎಲ್ಲರೂ ದಿಕ್ಕೆಟ್ಟು ನಿಂತಿದ್ದಾಗ ಮೊದಲು ಬಾಯಿ ಬಿಟ್ಟವಳು ಕಾಜಕ್ಕ. ಅವಳ ಕೆಲಸವೂ ಹೋಗಿತ್ತು, ಅಳುತ್ತಿದ್ದಳು. "ಯಾರ ಮೇಲೂ ತಪ್ಪು ಹೊರಿಸಲ್ಲ ಕಣೆ. ಆದ್ರೆ ಒಳಗಿನ ಕೋಣೇಲಿ ಯಾರಿದ್ರು, ನೀನೇ ನೆನಪು ಮಾಡ್ಕೋ" ಎಂದಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಯಿತು, ಮಾಸ್ತರನೇ ಚಾಡಿಕೋರ, ಸ್ವಂತ ತಂಗಿಯ ಅನ್ನಕ್ಕೆ ಕಲ್ಲು ಹಾಕಿದವನು ಎಂದು. ಮುಂದಿನ ತಿಂಗಳು ಅವನನ್ನು ಕಟಿಂಗ್ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಇನ್ನೇನು ಸಾಕ್ಷಿ ಬೇಕು? ಅವನು ಬೀದಿಯಲ್ಲಿ ಬಂದರೆ ಗಂಡಸರು ಕ್ಯಾಕರಿಸಿ ಉಗುಳುತ್ತಿದ್ದರು. ಬಾಗಿಲ ಮೇಲೆ ಯಾರೋ ಬಣ್ಣದಲ್ಲಿ ಉದ್ದದೊಂದು ನಾಲಗೆ ಬರೆದು ಹೋದರು. ಅವನು ತಂಗಿಯ ಮುಂದೆ ಒಂದೇ ಸಲ ಹೇಳಿದ, ನಾನು ಹೇಳಿಲ್ಲ ಕಣೆ ಎಂದು. ಹಾಗಾದರೆ ಗೋಡೆ ಹೇಳಿತಾ ಎಂದು ಕೇಳಿದ ಗುಂಡಕ್ಕ ಟ್ರಂಕು ಎತ್ತಿಕೊಂಡು ಮನೆ ಬಿಟ್ಟಳು. ಅಂದಿನಿಂದ ಇಪ್ಪತ್ತೇಳು ವರ್ಷ ಒಂದೇ ಊರಿನಲ್ಲಿದ್ದೂ ಅಣ್ಣನ ಮುಖ ನೋಡಲಿಲ್ಲ. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡಾಗ ಎದುರು ಬದಿಯ ಫುಟ್‌ಪಾತಿನಲ್ಲಿ ನಿಂತು ನೋಡಿದಳು, ಒಳಗೆ ಹೋಗಲಿಲ್ಲ.

ಇಷ್ಟು ಹಳೆಯ ಕಥೆ. ಇನ್ನು ಪುಸ್ತಕದ್ದು.

ಅವಳ ಅಂಗಡಿಯಿಂದ ಎರಡು ತಿರುವು ದಾಟಿದರೆ ಸಾರ್ವಜನಿಕ ಗ್ರಂಥಾಲಯ. ಅಲ್ಲಿನ ಗ್ರಂಥಪಾಲಕಿ ಹದಿನೈದು ದಿನಕ್ಕೊಮ್ಮೆ ಭಾನುವಾರ ಓದುಗರ ಕೂಟ ನಡೆಸುತ್ತಿದ್ದಳು. ಏಳೆಂಟು ಜನ, ಉದ್ದನೆಯ ಮೇಜು, ಗೋಡೆ ಗಡಿಯಾರ, ಕೆಟಲಿನಲ್ಲಿ ಚಹಾ. ನಿವೃತ್ತರಾದ ಲೆಕ್ಕದ ಮೇಷ್ಟ್ರು ಎಲ್ಲ ಪುಸ್ತಕಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಹಿಂದೆ ಬಸ್ ಕಂಡಕ್ಟರ್ ಆಗಿದ್ದವರೊಬ್ಬರು ಅರ್ಧ ಪುಸ್ತಕ ಓದಿ ಪೂರ್ತಿ ಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಗುಂಡಕ್ಕನಿಗೆ ಓದಿನ ಹುಚ್ಚು ಮೊದಲಿನಿಂದ. ಕೂಟಕ್ಕೆ ಸೇರಿದ ಎರಡನೆಯ ವರ್ಷ, ಒಂದು ಭಾನುವಾರ ಹೊಸಬರೊಬ್ಬರು ಬಂದರು. ಶಾಲೆಯೊಂದರ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು, ಎಲ್ಲರೂ ಮೇಡಂ ಎಂದರು. ಗುಂಡಕ್ಕ ಕುರ್ಚಿ ಬೀಳಿಸಿಕೊಂಡು ಎದ್ದಳು. ಕಾಜಕ್ಕ! ತಲೆ ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು, ಉಳಿದದ್ದೆಲ್ಲ ಅದೇ. ಕೆಲಸ ಹೋದ ಎರಡೇ ತಿಂಗಳಿಗೆ ಬೇರೆ ಬಡಾವಣೆಗೆ ಹೋದವಳು ಮತ್ತೆ ಕಂಡಿರಲಿಲ್ಲ. ಇಬ್ಬರೂ ತಬ್ಬಿಕೊಂಡು ಅತ್ತರು. ಗ್ರಂಥಪಾಲಕಿಗೂ ಕಣ್ಣು ತುಂಬಿತು.

ಅಲ್ಲಿಂದ ಒಂದು ವರ್ಷ ಅಕ್ಕಪಕ್ಕವೇ ಕೂತರು. ಅಣ್ಣ ಹೋದದ್ದು ತಿಳಿಸಿದಾಗ ಕಾಜಕ್ಕ ಅವಳ ಕೈ ಹಿಡಿದು, ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು, ಮರೆತುಬಿಡು ಎಂದಿದ್ದಳು.

ಆಮೇಲೆ ಗ್ರಂಥಪಾಲಕಿ ಆ ದಪ್ಪ ಕಾದಂಬರಿ ತಂದಳು. ನಾನೂರು ಪುಟ. ಯುದ್ಧದ ಕಾಲದ ಒಂದು ಪಟ್ಟಣ, ಪರದೇಶದ ಸೈನ್ಯ ಅದನ್ನು ಹಿಡಿದುಕೊಂಡಿದೆ. ಬಟ್ಟೆ ಒಗೆಯುವ ಮನೆಯೊಂದರ ಹೆಂಗಸರು ನೆಲಮಾಳಿಗೆಯಲ್ಲಿ ಗುಟ್ಟಾಗಿ ಕರಪತ್ರ ಅಚ್ಚು ಹಾಕಿ, ಮಡಚಿದ ಹಾಸಿಗೆ ಬಟ್ಟೆಯೊಳಗಿಟ್ಟು ಮನೆಮನೆಗೆ ಮುಟ್ಟಿಸುತ್ತಾರೆ. ಅವರಲ್ಲೇ ಒಬ್ಬಳು, ಬಟ್ಟೆ ಮಡಚುವವಳು, ಏಳು ಹೆಸರನ್ನು ಶತ್ರುವಿನ ಅಧಿಕಾರಿಗೆ ಕೊಡುತ್ತಾಳೆ. ಯುದ್ಧ ಮುಗಿದು ಪಟ್ಟಣ ಬಿಡುಗಡೆಯಾದ ದಿನ ವೀರಮಹಿಳೆ ಎಂದು ಅವಳನ್ನೇ ವೇದಿಕೆಗೆ ಹತ್ತಿಸುತ್ತಾರೆ. ಓದುವವರಿಗೆ ಗೊತ್ತು, ಊರಿಗೆ ಗೊತ್ತಿಲ್ಲ.

ಗುಂಡಕ್ಕ ಅದನ್ನು ಓದಲಿಲ್ಲ, ನುಂಗಿದಳು. ಜಿಪ್ಪು ಬಿಚ್ಚುತ್ತ ಓದಿದಳು, ಸೊಂಟಪಟ್ಟಿಗೆ ಇಸ್ತ್ರಿ ಹಾಕುತ್ತ ಓದಿ ಒಬ್ಬರ ಪ್ಯಾಂಟು ಸುಟ್ಟಳು. ಗುರುತಿಗೆ ಪೆನ್ಸಿಲ್ ಗೆರೆ ಎಳೆಯುವ ಬದಲು ಗುಂಡುಪಿನ್ನು ಚುಚ್ಚಿದಳು. ಗ್ರಂಥಾಲಯದ ಪುಸ್ತಕಕ್ಕೆ ಪಿನ್ನು ಚುಚ್ಚುವುದೇ ಎಂದು ಗ್ರಂಥಪಾಲಕಿ ಬೈದರೆ, ಚುಚ್ಚಿಸಿಕೊಳ್ಳಬೇಕಾದವಳು ಅದರೊಳಗೇ ಇದ್ದಾಳೆ ಎಂದಳು.

ಎರಡನೆಯ ಭಾನುವಾರ ಮಡಚುವವಳ ಬಗ್ಗೆ ಚರ್ಚೆ. ಲೆಕ್ಕದ ಮೇಷ್ಟ್ರು ಅವಳಿಗೆ ನೂರಕ್ಕೆ ಸೊನ್ನೆ ಕೊಟ್ಟರು. ಕಂಡಕ್ಟರ್, ಜೀವಭಯ ದೊಡ್ಡದು ಸ್ವಾಮಿ ಎಂದರು. ಕಾಜಕ್ಕ ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಅವಳಿಗೂ ಸಂಸಾರವಿತ್ತು, ಅವಳ ಜಾಗದಲ್ಲಿ ನಿಂತು ನೋಡದೆ ತೀರ್ಪು ಹೇಳಬಾರದು, ಇಷ್ಟು ವರ್ಷದ ಮೇಲೆ ಅಗೆದು ತೆಗೆದು ಯಾರಿಗೇನು ಲಾಭ, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದಳು. ನನ್ನ ಹೊಟ್ಟೆಯಲ್ಲಿ ಅಷ್ಟು ಜಾಗವಿಲ್ಲ ಎಂದು ಗುಂಡಕ್ಕ ಅಂದದ್ದಕ್ಕೆ ಎಲ್ಲರೂ ಅವಳ ಸಣಕಲು ಮೈ ನೋಡಿ ನಕ್ಕರು. ಆ ಕ್ಷಣದಲ್ಲಿ ಅವಳ ಕಣ್ಣ ಮುಂದಿದ್ದವನು ಅಣ್ಣನೇ. ಅಣ್ಣನನ್ನು ನೆನೆದೇ ಅವಳು ಹಾಗೆ ಹೇಳಿದ್ದು.

ಮೂರನೆಯ ಭಾನುವಾರಕ್ಕೆ, ಈ ಪುಸ್ತಕದಲ್ಲಿ ಮನಸ್ಸಿಗೆ ನಾಟಿದ ಐದು ಸಂಗತಿ ಬರೆದು ತನ್ನಿ, ಬೋರ್ಡಿಗೆ ಅಂಟಿಸೋಣ ಎಂದಿದ್ದಳು ಗ್ರಂಥಪಾಲಕಿ. ಎಲ್ಲರೂ ತಂದರು. ಗುಂಡಕ್ಕ ಒಂದೊಂದನ್ನೇ ನೆಟ್ಟಗೆ ಹಿಡಿದು ಬೋರ್ಡಿಗೆ ಪಿನ್ನು ಹಾಕುತ್ತಿದ್ದಳು. ಕಾಜಕ್ಕನ ಹಾಳೆ ಕೈಗೆ ಬಂತು. ಐದು ಸಂಗತಿ, ಐದು ಸಂಖ್ಯೆ, ಐದು ಸುತ್ತು. ಒಂದೂ ಪೂರ್ತಿ ಕೂಡಿರಲಿಲ್ಲ. ತುದಿಗಳು ಒಳಕ್ಕೆ ಮಡಚಿಕೊಂಡು ನಿಂತಿದ್ದವು, ಕಾಜ ಮುಗಿಸುವಾಗ ದಾರದ ತುದಿಯನ್ನು ಒಳಗೆ ತೂರಿಸಿ ಬಿಡುತ್ತಾರಲ್ಲ, ಹಾಗೆ.

ಪಿನ್ನು ಬೆರಳಿಗೆ ಹೊಕ್ಕಿದ್ದು ಅವಳಿಗೆ ಗೊತ್ತಾಗಲಿಲ್ಲ. ಗ್ರಂಥಪಾಲಕಿ, ರಕ್ತ ರಕ್ತ ಎಂದಳು. ಕಾಜಕ್ಕ ತನ್ನ ಕರವಸ್ತ್ರ ತೆಗೆದು ಅವಳ ಬೆರಳಿಗೆ ಸುತ್ತಿದಳು. ಗುಂಡಕ್ಕ ಸುತ್ತಿಸಿಕೊಂಡಳು.

ಕಾರ್ಖಾನೆಯಲ್ಲಿ ಕಾಜಕ್ಕ ಪೆನ್ನು ಹಿಡಿದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ, ಮೆಷಿನ್ನಿನವರಿಗೆ ಪೆನ್ನಿನ ಕೆಲಸವೇನು? ಕೂಟದಲ್ಲೂ ಇಷ್ಟು ದಿನ ಬರೀ ಮಾತಿತ್ತು. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ಒಮ್ಮೆ ನೋಡದೇ ಕೆಟ್ಟವಳು ಎರಡನೆಯ ಸಲ ಹಾಗೆ ಮಾಡಬಾರದೆಂದು ಮಾರನೆಯ ದಿನ ಅಂಗಡಿ ಮುಚ್ಚಿ, ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದ ಮುದುಕನನ್ನು ಹುಡುಕಿಕೊಂಡು ಹೋದಳು. ಎಂಬತ್ತೈದರ ಮುದುಕ, ಮಗಳ ಮನೆಯ ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕಿವಿ ಮಂದ, ನೆನಪು ಚುರುಕು. ಅವಳು ಮಾತು ತೆಗೆದ ಕೂಡಲೇ ಗೊತ್ತಾಯಿತು ಅವನಿಗೆ, ಯಾವುದಕ್ಕೆ ಬಂದಿದ್ದಾಳೆಂದು.

"ಕಾಜಕ್ಕ ಭಾನುವಾರ ಬಂದಿದ್ಳು" ಎಂದ. "ನಾನು ಹಾಜರಿ ಪುಸ್ತಕ ಸರಿ ಮಾಡ್ತಾ ಹೊರಗೆ ಒಬ್ನೇ ಇದ್ದೆ. ಮ್ಯಾನೇಜರ್ ಒಳಗೆ ಕರ್ಕೊಂಡ್ರು. ಬರೆದುಕೊಡು ಅಂದ್ರು. ನನ್ನ ಪೆನ್ನೇ ಇಸ್ಕೊಂಡು ಬರೆದ್ಳು, ನನ್ನ ಹೆಸರೂ ಸೇರಿಸ್ತೀನಿ ಸಾರ್, ಇಲ್ಲಾಂದ್ರೆ ಗೊತ್ತಾಗಿಬಿಡುತ್ತೆ ಅಂತ ಅವಳೇ ಹೇಳಿದ್ಳು. ಮ್ಯಾನೇಜರ್ ತಮ್ಮ ಭಾವನ ಶಾಲೇಲಿ ಅವಳಿಗೆ ಕೆಲಸ ಕೊಡಿಸಿದ್ರು. ನಿಮ್ಮಣ್ಣನ್ನ ಮುಖ್ಯಸ್ಥನ ಮಾಡಿದ್ದೂ ಜನ ಅವನನ್ನೇ ಅನುಮಾನಿಸಲಿ ಅಂತ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಗುಂಡಕ್ಕ ಕೇಳಿದಳು. ಯಾರೂ ಕೇಳಲಿಲ್ಲವಲ್ಲ ಎಂದ ಮುದುಕ. ಆಮೇಲೆ ಕಂಬಳಿ ಎಳೆದುಕೊಂಡು, "ನಿಮ್ಮಣ್ಣ ಜ್ವರದಲ್ಲೇ ಬಂದಿದ್ದ ಕಣಮ್ಮ, ಸೋಮವಾರ ಮಧ್ಯಾಹ್ನ. ನನ್ನ ತಂಗಿ ಬದಲು ನನ್ನ ತೆಗೀರಿ ಸಾರ್ ಅಂತ ಕೈ ಮುಗಿದ. ಮ್ಯಾನೇಜರ್ ನಕ್ಕುಬಿಟ್ರು" ಎಂದ.

ಅವಳು ಮೆಟ್ಟಿಲಿಳಿದು ಬಂದು ಬೀದಿಯಲ್ಲಿ ನಿಂತಳು. ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬಂದದ್ದು ಬೇರೆ. ಕುದಿಯುವುದೆಂದರೆ ಏನೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಮೈಯೆಲ್ಲ ಇಸ್ತ್ರಿಪೆಟ್ಟಿಗೆಯ ತಳವಾಗಿತ್ತು. ತನ್ನ ಬೆರಳಿಗೆ ಸುತ್ತಿದ್ದ ಆ ಕರವಸ್ತ್ರವನ್ನು ಬಿಚ್ಚಿ ಮೋರಿಗೆ ಎಸೆದಳು.

ನಾಲ್ಕನೆಯ ಭಾನುವಾರಕ್ಕೆ ಹದಿಮೂರು ದಿನ ಉಳಿದಿತ್ತು. ಆ ಹದಿಮೂರು ದಿನ ಗುಂಡಕ್ಕ ಮಾಡಿದ ಕೆಲಸವನ್ನು ಬಟ್ಟೆಗೆ ಮಾಡಿದ್ದರೆ ಊರಿನ ಅರ್ಧ ಜನರಿಗೆ ಹೊಸ ಕೋಟು ಸಿಗುತ್ತಿತ್ತು. ಹನ್ನೆರಡು ಜನರಲ್ಲಿ ಮೂವರು ಸತ್ತಿದ್ದರು, ಒಬ್ಬಳು ಎಲ್ಲಿದ್ದಾಳೋ ತಿಳಿಯಲಿಲ್ಲ. ತಾನೂ ಕಾಜಕ್ಕನೂ ಬಿಟ್ಟರೆ ಉಳಿದ ಆರು ಜನರ ಮನೆಗೂ ಹೋದಳು. ಕಾಲರಕ್ಕ ಇಪ್ಪತ್ತು ವರ್ಷ ಕಂಡವರ ಮನೆಯ ಪಾತ್ರೆ ತಿಕ್ಕಿ ಬೆರಳು ಸೊಟ್ಟಗಾಗಿ ಕೂತಿದ್ದಳು. ಯಾವ ಕಾರ್ಖಾನೆಯವರೂ ಆ ಹನ್ನೆರಡು ಹೆಸರಿನವರನ್ನು ಗೇಟಿನೊಳಗೆ ಬಿಟ್ಟಿರಲಿಲ್ಲ. ಜೇಬಕ್ಕನ ಗಂಡ, ಗಲಾಟೆ ಹೆಂಗಸು ಬೇಡವೆಂದು ಬಿಟ್ಟುಹೋಗಿದ್ದ. ಇಸ್ತ್ರಿಯಮ್ಮ ಕೋಲೂರಿಕೊಂಡು ಬಂದು ಬಾಗಿಲು ತೆಗೆದಳು, ಕೇಳಿದ ಮೇಲೆ ಕೋಲು ಬದಿಗಿಟ್ಟು ನೆಟ್ಟಗೆ ನಿಂತಳು. ಎಲ್ಲರಿಗೂ ಗುಂಡಕ್ಕ ಹೇಳಿದ್ದು ಒಂದೇ ಮಾತು: ಬೈಯಬೇಡಿ, ಹೊಡೆಯಬೇಡಿ, ಬಂದು ಕೂತುಕೊಳ್ಳಿ.

ನಡುವೆ ಎರಡು ಸಲ ಕಾಜಕ್ಕ ಅಂಗಡಿಗೆ ಬಂದಿದ್ದಳು. ಅವಳದೊಂದು ಕೋಟಿನ ತೋಳು ಗಿಡ್ಡ ಮಾಡಬೇಕಿತ್ತು. ಗುಂಡಕ್ಕ ಅಳತೆ ತೆಗೆದಳು, ನಗುತ್ತಲೇ ಮಾತಾಡಿದಳು. ಅಳತೆಪಟ್ಟಿ ಕುತ್ತಿಗೆಯ ಹತ್ತಿರ ಹೋದಾಗ ಮಾತ್ರ ಕೈ ಅಲ್ಲೇ ಒಂದು ಕ್ಷಣ ನಿಂತಿತು. ಕೋಟು ಹೇಳಿದ ದಿನಕ್ಕೆ ಸಿದ್ಧವಾಯಿತು. ಹೊಲಿಗೆಯಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಹಾಕಿಕೊಂಡೇ ಕೂಟಕ್ಕೆ ಬಾ ಎಂದಳು ಗುಂಡಕ್ಕ.

ಹಾಕಿಕೊಂಡೇ ಬಂದಳು. ಕೊನೆಯ ಚರ್ಚೆ ನಾನೇ ನಡೆಸುತ್ತೇನೆ, ಅತಿಥಿಗಳಿದ್ದಾರೆ ಎಂದು ಗುಂಡಕ್ಕ ಮೊದಲೇ ಗ್ರಂಥಪಾಲಕಿಯನ್ನು ಒಪ್ಪಿಸಿದ್ದಳು. ಮೂರು ಗಂಟೆಗೆ ಬಾಗಿಲು ತೆರೆದು ಆರು ಜನ ಮುದುಕಿಯರು ಒಬ್ಬರ ಹಿಂದೊಬ್ಬರು ಬಂದು ಮೇಜಿನ ಆ ಬದಿಯ ಕುರ್ಚಿಗಳಲ್ಲಿ ಕೂತರು. ಕಾಜಕ್ಕ ಮೊದಲು ನಕ್ಕಳು, ಓ ನೀವಾ, ಓ ನೀನಾ ಎಂದು ಎದ್ದು ಕೈ ಚಾಚಿದಳು. ಯಾರೂ ಕೈ ಕೊಡಲಿಲ್ಲ. ಚಾಚಿದ ಕೈ ಹಾಗೇ ಹಿಂದೆ ಬಂತು.

ಗುಂಡಕ್ಕ ಪುಸ್ತಕ ತೆರೆದು ವೇದಿಕೆಯ ಪುಟವನ್ನು ಗಟ್ಟಿಯಾಗಿ ಓದಿದಳು. ಮಡಚುವವಳ ಕೊರಳಿಗೆ ಪದಕ ಹಾಕುವ ಪುಟ. ಓದಿ ಮುಗಿಸಿ, ಈ ಪುಸ್ತಕ ಬರೆದವರು ಇವಳನ್ನು ಇಲ್ಲಿಗೇ ಬಿಟ್ಟುಬಿಟ್ಟರು, ನನಗೆ ಸಮಾಧಾನವಾಗಲಿಲ್ಲ, ಮುಂದಿನದನ್ನು ನಾವು ಮಾಡೋಣ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಕಾಜಕ್ಕನ ಕೈ ಕನ್ನಡಕಕ್ಕೆ ಹೋಯಿತು, ಕಾಲರಿಗೆ ಹೋಯಿತು, ಕೋಟಿನ ಗುಂಡಿಗೆ ಹೋಯಿತು.

ಗುಂಡಕ್ಕ ಒಂದು ಬಿಳಿ ಹಾಳೆ, ಒಂದು ನೀಲಿ ಪೆನ್ನು ಅವಳ ಮುಂದಿಟ್ಟಳು.

"ಹನ್ನೆರಡು ಹೆಸರು ಬರಿ" ಎಂದಳು. "ಅಡ್ಡಹೆಸರಲ್ಲ, ಪೂರ್ತಿ ಹೆಸರು. ಸಂಖ್ಯೆ ಹಾಕಿ ಬರಿ, ಆವತ್ತು ಬರೆದ ಹಾಗೆ."

ಲೆಕ್ಕದ ಮೇಷ್ಟ್ರು ಏನಿದು ಎಂದು ಎದ್ದರು. ಕಂಡಕ್ಟರ್ ಅವರ ತೋಳು ಹಿಡಿದು ಕೂರಿಸಿದರು. ಕಾಜಕ್ಕ ನಿನಗೇನೋ ತಪ್ಪು ತಿಳಿವಳಿಕೆ ಎಂದಳು. ಗುಂಡಕ್ಕ ಬೋರ್ಡಿನಿಂದ ಬಿಚ್ಚಿದ ಹಾಳೆಯನ್ನು ಬಿಳಿ ಹಾಳೆಯ ಪಕ್ಕಕ್ಕಿಟ್ಟು, ಟೈಮ್ ಕೀಪರ್ ಇನ್ನೂ ಬದುಕಿದ್ದಾನೆ ಎಂದಷ್ಟೇ ಹೇಳಿದಳು. ಚಹಾ ಆರಿತು.

"ಎರಡು ಮಕ್ಕಳಿದ್ವು" ಎಂದಳು ಕಾಜಕ್ಕ ಕಡೆಗೆ. "ಗಂಡ ಹಾಸಿಗೆ ಹಿಡಿದಿದ್ದ."

"ನಂಗೆ ಮೂರು" ಎಂದಳು ಕಾಲರಕ್ಕ. ತನ್ನ ಸೊಟ್ಟ ಬೆರಳುಗಳನ್ನು ಮೇಜಿನ ಮೇಲಿಟ್ಟಳು.

ಕಾಜಕ್ಕ ಗುಂಡಕ್ಕನ ಕಡೆ ತಿರುಗಿದಳು. "ನಾನು ಹೇಳಿದ್ದು ತಪ್ಪೇ. ಆದ್ರೆ ನಿಮ್ಮಣ್ಣನ್ನ ನಂಬಬೇಡ ಅಂತ ನಾನು ನಿನ್ನ ಕೈ ಕಟ್ಟಿಹಾಕಿರಲಿಲ್ಲ. ಒಂದೇ ಮಾತು ಅಂದೆ. ಮಿಕ್ಕಿದ್ದೆಲ್ಲ ನೀನೇ ಮಾಡಿದ್ದು."

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆದರೆ ಗುಂಡಕ್ಕ ಜಗ್ಗಲಿಲ್ಲ. "ಅದರ ಲೆಕ್ಕ ನಂದು, ನಾನು ಕೊಡ್ತೀನಿ. ನೀನು ನಿಂದು ಬರಿ" ಎಂದಳು.

ಬರೆದಳು. ಮೂವತ್ತೊಂದು ವರ್ಷದ ಮೇಲೂ ಒಂದು ಹೆಸರೂ ಮರೆತಿರಲಿಲ್ಲ, ಅನುಕ್ರಮವೂ ಅದೇ. ಸುತ್ತುಗಳೂ ಹಾಗೇ ಬಂದವು. ಹನ್ನೆರಡಾದ ಮೇಲೆ ಪೆನ್ನಿಡಲು ಹೋದವಳಿಗೆ ಗುಂಡಕ್ಕ ಇನ್ನೊಂದು ಸಾಲು ಹೇಳಿ ಬರೆಸಿದಳು: ಮಾಸ್ತರರು ಹೇಳಲಿಲ್ಲ, ನಾನು ಹೇಳಿದೆ, ಅವರ ಮೇಲೆ ಹೊರಿಸಿದವಳೂ ನಾನೇ. ಅಡಿಯಲ್ಲಿ ಸಹಿ, ತಾರೀಕು. ಸಹಿಯ ಹತ್ತಿರ ಕಾಜಕ್ಕ ಒಮ್ಮೆ ತಲೆಯೆತ್ತಿದಳು, ಇಷ್ಟಕ್ಕೆ ಬಿಡುತ್ತೀಯಾ ಎನ್ನುವಂತೆ. ಗುಂಡಕ್ಕ ಬಿಡಲಿಲ್ಲ. ಹೆಡ್ ಕ್ಲರ್ಕ್ ಸಹಿ ಅಂದವಾಗಿತ್ತು.

ಇಸ್ತ್ರಿಯಮ್ಮ ಎದ್ದು ನಿಂತು, ಇನ್ನು ನೀನು ಹೋಗಬಹುದು ಎಂದಳು, ಆವತ್ತು ಮ್ಯಾನೇಜರ್ ಒಬ್ಬೊಬ್ಬರಿಗೂ ಹೇಳಿದ ಅದೇ ಮಾತು, ಅದೇ ದನಿ. ಕಾಜಕ್ಕ ಹೊಸ ತೋಳಿನ ಕೋಟಿನಲ್ಲಿ ಬಾಗಿಲವರೆಗೆ ನಡೆದು ಹೋದಳು. ಯಾರೂ ಬಾಗಿಲು ತೆಗೆದುಕೊಡಲಿಲ್ಲ.

ಗುಂಡಕ್ಕನಿಗೆ ಹೇಗೆನಿಸಿತು ಎಂದು ಆಮೇಲೆ ಗ್ರಂಥಪಾಲಕಿ ಕೇಳಿದಳಂತೆ, ಪಾಪ ಅನಿಸಲಿಲ್ಲವೇ ಎಂದು. ಇಲ್ಲ ಎಂದಳು. ತುಂಬ ದಿನ ಬೂಟಿನಲ್ಲಿದ್ದ ಮೊಳೆ ಕಿತ್ತ ಹಾಗಾಯಿತು, ಕಾಲು ಇನ್ನೂ ನೋಯುತ್ತಿದೆ, ಆದರೂ ಹಾಯೆನಿಸಿತು ಎಂದಳು. ಲೆಕ್ಕದ ಮೇಷ್ಟ್ರು ಮಾತ್ರ ಓದುವ ಜಾಗವನ್ನು ಕಟಕಟೆ ಮಾಡಿದಿರಿ ಎಂದು ಸಿಟ್ಟಾಗಿ ಎರಡು ತಿಂಗಳು ಬರಲಿಲ್ಲ.

ಮಾರನೆಯ ದಿನ ಅವಳು ಆ ಹಾಳೆ ಹಿಡಿದು ಅಣ್ಣನ ಮನೆಗೆ ಹೋದಳು. ಬಾಗಿಲಿಗೆ ಆಮೇಲೆ ಎಷ್ಟೋ ಸಲ ಬಣ್ಣ ಬಳಿದಿದ್ದರು. ಅತ್ತಿಗೆ ಕಬ್ಬಿಣದ ಜಾಲರಿಯಾಚೆಯೇ ನಿಂತು, ಹಾಳೆ ಇಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದಳು. ಜಾಲರಿಯ ಬೀಗ ತೆಗೆಯಲಿಲ್ಲ.

"ಅವಳು ಹೊರಗಿನವಳು" ಎಂದಳು. "ನೀನು ಒಡಹುಟ್ಟಿದವಳು. ನಿಮ್ಮಣ್ಣ ಹಬೆಯಾಡೋ ಅನ್ನದ ಮುಂದೆ ಕೂತು, ನನ್ನ ತಂಗಿ ಉಂಡಳೋ ಇಲ್ಲವೋ ಅನ್ನೋರು. ನನಗೆ ನಿನ್ನ ಮುಖ ನೋಡೋ ಮನಸ್ಸಿಲ್ಲ."

ಗುಂಡಕ್ಕ ತಪ್ಪಾಯಿತು ಅತ್ತಿಗೆ ಎಂದಳು. ತಪ್ಪಾಯಿತು ಎನ್ನುವುದನ್ನು ನನ್ನ ಹತ್ತಿರ ಹೇಳಿ ಏನುಪಯೋಗ ಎಂದು ಅತ್ತಿಗೆ ಕೇಳಿದಳು. ಹೇಳಿಸಿಕೊಳ್ಳಬೇಕಾದವರು ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಹಾಳೆಯನ್ನು ಜಾಲರಿಯ ಸಂದಿಯಿಂದ ವಾಪಸು ಕೊಟ್ಟಳು.

"ಈ ಬೀದೀಲಿ ಇಪ್ಪತ್ತಮೂರು ಮನೆ ಇದೆ. ನಿಮ್ಮಣ್ಣ ಹಾದುಹೋಗುವಾಗ ಉಗುಳದೆ ಇದ್ದ ಮನೆ ಒಂದೂ ಇಲ್ಲ. ಒಂದೊಂದು ಮನೆಗೂ ಹೋಗಿ ಇದನ್ನ ಗಟ್ಟಿಯಾಗಿ ಓದು. ನೀನೂ ನಂಬಿದ್ದೆ ಅಂತಾನೂ ಹೇಳು. ಎಲ್ಲ ಮುಗಿದ ಮೇಲೆ ಬಾ. ಆಗ ನೋಡೋಣ."

ಹೀಗೆ ಗುಂಡಕ್ಕ ಐವತ್ತೈದನೆಯ ವಯಸ್ಸಿನಲ್ಲಿ ಮನೆಮನೆಗೆ ಓದುವವಳಾದಳು. ಸಂಜೆ ಐದಕ್ಕೆ ಅಂಗಡಿ ಮುಚ್ಚುವಳು, ಕನ್ನಡಕ ಒರೆಸುವಳು, ದಿನಕ್ಕೆ ಒಂದು ಮನೆ. ಕೆಲವು ಕಡೆ ಬಾಡಿಗೆಗೆ ಹೊಸಬರು ಬಂದಿದ್ದರು. ಅವರಿಗೂ ಓದಿದಳು, ಮಾಸ್ತರನೆಂದರೆ ಯಾರೆಂದು ಮೊದಲಿನಿಂದ ತಿಳಿಸಿ ಹೇಳಿ. ಒಬ್ಬ ಮುದುಕಿ ಕೇಳಿ ಮುಖ ಮುಚ್ಚಿಕೊಂಡಳು. ಒಬ್ಬ ದರ್ಜಿ ಅರ್ಧಕ್ಕೇ ಬಾಗಿಲು ಹಾಕಿಕೊಂಡ. ಗುಂಡಕ್ಕ ಉಳಿದರ್ಧವನ್ನು ಮುಚ್ಚಿದ ಬಾಗಿಲಿಗೆ ಓದಿ, ಕೇಳಿಸಿತಾ ಎಂದು ಕೇಳಿ, ಒಳಗಿನಿಂದ ಹೂಂ ಬರುವವರೆಗೆ ನಿಂತಳು. ಪ್ರತಿ ಮನೆಯಲ್ಲೂ ಕಡೆಗೆ ತಾನೂ ನಂಬಿದವಳೆಂಬ ಮಾತು ಸೇರಿಸುತ್ತಿದ್ದಳು.

ಹದಿನಾಲ್ಕನೆಯ ಮನೆ ಬಡಗಿಯದು. ಬಾಗಿಲ ಮೇಲೆ ನಾಲಗೆ ಬರೆದವನು ಅವನೇ ಎಂದು ಇಡೀ ಬೀದಿಗೆ ಗೊತ್ತಿತ್ತು. ಈಗ ಮುದುಕ, ಜಗಲಿಯ ಮೇಲೆ ಕೂತು ಮರಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದ. ಅವಳು ಓದಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಕೇಳಿ, ಮಾಸ್ತರ ಅಂತ ಯಾರೋ ಇದ್ದ ಹಾಗೆ ನೆನಪು, ನಾಲಗೆಗೀಲಗೆ ಏನೂ ನನಗೆ ಗೊತ್ತಿಲ್ಲಮ್ಮ, ಎಷ್ಟು ಕಾಲವಾಯಿತು, ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದ.

ಗುಂಡಕ್ಕ ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟೂಲನ್ನು ಎಳೆದು ಅವನೆದುರು ಹಾಕಿಕೊಂಡು ಕೂತಳು. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು.

"ನೆನಪು ಮಾಡ್ಕೊಳ್ಳಿ" ಎಂದಳು. "ನನಗೇನೂ ಅವಸರ ಇಲ್ಲ."